ಸಾಮತಿಯು ಒಗಟಲ್ಲ

ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳಿಗಾಗಿ ನಡೆಸುವ ಧರ್ಮೋಪದೇಶ ಪರೀಕ್ಷೆಯ ಪ್ರಶ್ನೆಪತ್ರಿಕೆಯೊಂದನ್ನು ಕೈಗೆತ್ತಿಕೊಂಡು ನೋಡಿ. ಸಾಮತಿಗಳ ಪಾಠಕ್ಕೆ ಬಂದಾಗ 'ಹೊಂದಿಸಿ ಬರೆಯಿರಿ' ಎಂಬ ವಿಭಾಗವೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಡಗಡೆಯಲ್ಲಿ ಬೀಜ, ಕಳೆ, ತೋಟದ ಯಜಮಾನ, ಕಿರಿಯ ಮಗ. ಬಲಗಡೆಯಲ್ಲಿ ಪಾಪಿ, ಪಿತದೇವರು, ದೇವರ ವಾಕ್ಯ, ಕೆಡುಕನ ಮಕ್ಕಳು. ಮಕ್ಕಳು ಗೆರೆ ಎಳೆಯುತ್ತಾರೆ, ಉಪದೇಶಿಗಳು ಅಂಕ ಕೊಡುತ್ತಾರೆ, ಸಾಮತಿಯು ಅಲ್ಲಿಗೆ ಮುಗಿದುಹೋಗುತ್ತದೆ. ಇಂತಹ ಪ್ರಶ್ನೆಗಳನ್ನು ವರ್ಷಗಟ್ಟಲೆ ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬ. ಆದುದರಿಂದ ಈ ಲೇಖನದ ಬಾಣಗಳಲ್ಲಿ ಮೊದಲನೆಯದು ನನ್ನ ಕಡೆಗೇ ತಿರುಗಿದೆ.

ಮಕ್ಕಳ ಪರೀಕ್ಷೆಯ ಮಟ್ಟದಲ್ಲಿಯೇ ಈ ಅಭ್ಯಾಸವು ನಿಂತಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದು ಪ್ರಬೋಧನೆಯ ಪೀಠವನ್ನೂ ಏರಿದೆ. ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದ ಮೂರನೆಯ ಭಾನುವಾರ ದೇವಾಲಯವೊಂದರಲ್ಲಿ ಬಲಿಪೂಜೆಗೆ ಕುಳಿತಿದ್ದೆ. ಅಂದಿನ ಶುಭಸಂದೇಶ ಸಂತ ಲೂಕನ ಹದಿಮೂರನೆಯ ಅಧ್ಯಾಯದ ಮೊದಲ ಒಂಬತ್ತು ವಚನಗಳು, ಅಂದರೆ ಹಣ್ಣು ಬಿಡದ ಅಂಜೂರದ ಮರದ ಸಾಮತಿ. ಪ್ರಬೋಧಕರು ಕ್ರಮವಾಗಿ ಹೊಂದಿಸಿಕೊಟ್ಟರು: ಯಜಮಾನನೆಂದರೆ ಪಿತದೇವರು, ತೋಟಗಾರನೆಂದರೆ ಯೇಸುಸ್ವಾಮಿ, ಮರವೆಂದರೆ ನಾವು, ಕೊಡಲಿಯೆಂದರೆ ಮರಣ. (ಕೊಡಲಿಯ ಮಾತು ಈ ಸಾಮತಿಯಲ್ಲಿ ಇಲ್ಲವೇ ಇಲ್ಲ. ಅದು ಸ್ನಾನಿಕ ಯೊವಾನ್ನರ ಬೋಧನೆಯಿಂದ ಹಾರಿ ಬಂದದ್ದು.) ಮಾತಿನ ಓಘದಲ್ಲಿ, ಫಲ ಕೊಡದ ಮರವು ತೋಟದಲ್ಲಿದ್ದರೂ ಮನೆಯಲ್ಲಿದ್ದರೂ ಭೂಮಿಗೆ ಭಾರವೇ ಎಂದುಬಿಟ್ಟರು. ನನ್ನ ಮುಂದಿನ ಸಾಲಿನಲ್ಲಿ, ಮದುವೆಯಾಗಿ ಬಹುಕಾಲವಾದರೂ ಮಕ್ಕಳಿಲ್ಲದ ದಂಪತಿಗಳು ಕುಳಿತಿದ್ದರು. ಆ ಹೆಣ್ಣುಮಗಳು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು. ಪರಮಪ್ರಸಾದಕ್ಕೆ ಅವರು ಏಳಲಿಲ್ಲ.

ಆ ಪ್ರಬೋಧಕರು ಕಠಿಣ ಹೃದಯದವರೇನಲ್ಲ. ಕಾಯಿಲೆಯವರ ಮನೆಗೆ ಮಳೆಯಲ್ಲಿ ನೆನೆದುಕೊಂಡು ಹೋಗಿಬರುವಂಥವರು. ತಪ್ಪು ಅವರ ಮನಸ್ಸಿನಲ್ಲಿರಲಿಲ್ಲ, ಓದುವ ರೀತಿಯಲ್ಲಿತ್ತು. ಆ ರೀತಿಯನ್ನು ಪ್ರಶ್ನಿಸುವ ಒಂದು ಶಾಸ್ತ್ರವಿದೆ. ಅದನ್ನು ಸಂಕೇತಶಾಸ್ತ್ರ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಸೆಮಿಯಾಟಿಕ್ಸ್. ಈ ಹೆಸರನ್ನು ಎತ್ತಿದರೆ ಸಾಕು, ನಮ್ಮವರಲ್ಲಿ ಕೆಲವರು, ಇದು ದೇವರನ್ನು ನಂಬದ ಪಾಶ್ಚಾತ್ಯ ಪಂಡಿತರ ಆಟ, ಗುರುಮಠದ ಗ್ರಂಥಾಲಯದಲ್ಲಿಯೇ ಇರಲಿ, ಸಾಮಾನ್ಯ ವಿಶ್ವಾಸಿಗಳ ತಲೆ ಕೆಡಿಸುವುದು ಬೇಡ ಎನ್ನುತ್ತಾರೆ. ನನ್ನ ವಾದ ಇದಕ್ಕೆ ನೇರ ವಿರುದ್ಧವಾದುದು. ಸಾಮಾನ್ಯ ವಿಶ್ವಾಸಿಗಳ ಮನಸ್ಸನ್ನು ನೋಯಿಸುತ್ತಿರುವುದು ಹೊಂದಿಸಿ ಬರೆಯುವ ಓದು. ಸಂಕೇತಗಳನ್ನು ಎಚ್ಚರದಿಂದ ಓದುವುದನ್ನು ಕಲಿತರೆ ಆ ನೋವಿಗೆ ಸ್ವಲ್ಪ ಮದ್ದು ದೊರೆಯುತ್ತದೆ.

ಶಾಸ್ತ್ರದ ಹೆಸರು ಹೊಸದು, ವಿಚಾರ ಹಳೆಯದು. ಉತ್ತರ ಆಫ್ರಿಕದ ಹಿಪ್ಪೊ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥವನ್ನು ನಾಲ್ಕನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದಾಗ, ವಸ್ತುಗಳು ಬೇರೆ, ಅವುಗಳನ್ನು ಸೂಚಿಸುವ ಸಂಕೇತಗಳು ಬೇರೆ ಎಂಬ ವಿವೇಚನೆಯಿಂದಲೇ ತೊಡಗಿದರು. ಹೊಗೆಯು ಬೆಂಕಿಯನ್ನು ಸೂಚಿಸುವುದು ಒಂದು ಬಗೆ, ಮನುಷ್ಯನು ಉದ್ದೇಶಪೂರ್ವಕವಾಗಿ ಆಡುವ ಮಾತು ಇನ್ನೊಂದು ಬಗೆ ಎಂದು ವಿಂಗಡಿಸಿದರು. ಆಧುನಿಕ ಕಾಲದಲ್ಲಿ ಇದಕ್ಕೆ ಹೊಸ ತಿರುವು ಕೊಟ್ಟವರು ಜಿನೀವಾದ ಪ್ರಾಧ್ಯಾಪಕ ಫರ್ಡಿನಾಂಡ್ ದ ಸಸ್ಯೂರ್ (1857–1913). ಅವರ ಉಪನ್ಯಾಸಗಳು ವಿದ್ಯಾರ್ಥಿಗಳ ಟಿಪ್ಪಣಿಗಳ ಆಧಾರದಿಂದ 1916ರಲ್ಲಿ, ಅವರ ಮರಣಾನಂತರ, ಪ್ರಕಟವಾದವು. ಅವುಗಳಲ್ಲಿ ನಮಗೆ ಬೇಕಾದ ತಿರುಳು ಇಷ್ಟೇ: ಸಂಕೇತಕ್ಕೆ ಅರ್ಥವು ತನ್ನಷ್ಟಕ್ಕೆ ತಾನೇ ಇರುವುದಿಲ್ಲ, ಪಕ್ಕದ ಸಂಕೇತಗಳೊಡನೆ ಅದಕ್ಕಿರುವ ಸಂಬಂಧ ಮತ್ತು ವ್ಯತ್ಯಾಸಗಳಿಂದ ಅರ್ಥ ಹುಟ್ಟುತ್ತದೆ. ದೇವಾಲಯದ ಗಂಟೆಯನ್ನೇ ತೆಗೆದುಕೊಳ್ಳಿ. ಅದೇ ಕಂಚು, ಅದೇ ಹಗ್ಗ, ಎಳೆಯುವವನೂ ಅವನೇ. ಆದರೂ ತ್ರಿಕಾಲ ಪ್ರಾರ್ಥನೆಯ ಗಂಟೆ ಯಾವುದು, ಹಬ್ಬದ ಗಂಟೆ ಯಾವುದು, ಊರಿನಲ್ಲಿ ಯಾರೋ ತೀರಿಹೋದರೆಂದು ತಿಳಿಸುವ ಗಂಟೆ ಯಾವುದು ಎಂದು ಅಡುಗೆಮನೆಯಲ್ಲಿರುವ ಅಜ್ಜಿಗೂ ತಿಳಿಯುತ್ತದೆ. ಅರ್ಥವು ಕಂಚಿನಲ್ಲಿಲ್ಲ, ಬಡಿತಗಳ ನಡುವಿನ ಅಂತರದಲ್ಲಿದೆ.

ನಮ್ಮ ನುಡಿಯಿಂದಲೇ ಇದನ್ನು ಇನ್ನೂ ಚೆನ್ನಾಗಿ ಹೇಳಬಹುದು. ಕನ್ನಡದಲ್ಲಿ ಒಗಟೂ ಇದೆ, ಗಾದೆಯೂ ಇದೆ. ಹಗಲಲ್ಲಿ ಮಾಯ, ರಾತ್ರಿಯಲ್ಲಿ ಪ್ರತ್ಯಕ್ಷ ಎಂದರೆ ನಕ್ಷತ್ರ. ಉತ್ತರ ಸಿಕ್ಕಿತೋ, ಒಗಟು ತೀರಿತು. ಅದೇ ಮಗುವಿಗೆ ಅದೇ ಒಗಟನ್ನು ಎರಡನೆಯ ಸಲ ಹಾಕಿದರೆ ಮಗು ನಗುತ್ತದೆ. ಗಾದೆ ಹಾಗಲ್ಲ. 'ಹಿತ್ತಲ ಗಿಡ ಮದ್ದಲ್ಲ' ಎಂಬುದನ್ನು ಊರಿನವರು ಕಡೆಗಣಿಸಿದ ನಾಟಿವೈದ್ಯ ಹೇಳಿದರೆ ಅದು ಅಳಲು. ಮನೆಯ ಪಕ್ಕದಲ್ಲಿಯೇ ಒಳ್ಳೆಯ ಹುಡುಗನಿದ್ದರೂ ದೂರದ ಸಂಬಂಧ ಹುಡುಕುವ ತಂದೆಗೆ ನೆಂಟರು ಹೇಳಿದರೆ ಅದು ಚುಚ್ಚುಮಾತು. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದನ್ನು ಬಿಟ್ಟರೆ ಗಾದೆಗೆ ಅರ್ಥವೇ ಇಲ್ಲ. (ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಅನುಭವಿಸಿದ್ದೂ ಇದೇ ಗಾದೆಯ ಸತ್ಯವನ್ನು.) ಹೀಬ್ರೂ ಭಾಷೆಯಲ್ಲಿ ಸಾಮತಿಗೂ ಗಾದೆಗೂ 'ಮಾಶಾಲ್' ಎಂಬ ಒಂದೇ ಪದವಿರುವುದು ಅರ್ಥಪೂರ್ಣವಾಗಿದೆ. ನಾವು ಮಾಡುತ್ತಿರುವುದೇನು? ಪ್ರಭುವು ಗಾದೆಯಂತೆ ಆಡಿದ್ದನ್ನು ಒಗಟಿನಂತೆ ಬಿಡಿಸಿ, ಉತ್ತರವನ್ನು ಕಂಠಪಾಠ ಮಾಡಿಸಿ, ಕಥೆಯನ್ನು ಸಿಪ್ಪೆಯಂತೆ ಎಸೆಯುತ್ತಿದ್ದೇವೆ.

ಈಗ ಅಂಜೂರದ ಮರದ ಬಳಿಗೆ ಮತ್ತೆ ಹೋಗೋಣ. ಸಂಕೇತಶಾಸ್ತ್ರವು ಮೊದಲು ಕೇಳುವುದು ಮರವೆಂದರೆ ಯಾರು ಎಂದಲ್ಲ, ಈ ಕಥೆಯ ಅಕ್ಕಪಕ್ಕ ಏನಿದೆ ಎಂದು. ಅಧ್ಯಾಯದ ಆರಂಭದಲ್ಲಿ ಕೆಲವರು ಬಂದು ಒಂದು ಭೀಕರ ಸುದ್ದಿಯನ್ನು ತಿಳಿಸುತ್ತಾರೆ. ಬಲಿಯರ್ಪಿಸುತ್ತಿದ್ದ ಗಲಿಲೇಯದವರನ್ನು ಪಿಲಾತನು ಕೊಲ್ಲಿಸಿದ್ದಾನೆ. ಹೀಗೆ ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೆಂದು ಭಾವಿಸುವಿರೋ ಎಂದು ಯೇಸುಸ್ವಾಮಿ ಕೇಳುತ್ತಾರೆ. ಅಲ್ಲವೆಂದು ಅವರೇ ಉತ್ತರಿಸುತ್ತಾರೆ. ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿಯ ವಿಷಯವನ್ನು ತಾವಾಗಿಯೇ ಎತ್ತಿ, ಅದಕ್ಕೂ ಅಲ್ಲವೆನ್ನುತ್ತಾರೆ. ಅಲ್ಲಿ ನೆರೆದಿದ್ದವರ ಮನಸ್ಸಿನಲ್ಲಿದ್ದುದು ಒಂದು ಸಂಕೇತ: ದುರಂತವು ಸೂಚಕ, ಪಾಪವು ಸೂಚಿತ. ಕಷ್ಟ ಬಂದಿದೆಯೆಂದರೆ ಒಳಗೆ ಏನೋ ತಪ್ಪಿದೆ ಎಂಬ ಹೊಂದಾಣಿಕೆ. ಪ್ರಭುವು ಆ ಗೆರೆಯನ್ನು ಎರಡು ಬಾರಿ ಅಳಿಸಿಹಾಕುತ್ತಾರೆ, ಪಶ್ಚಾತ್ತಾಪದ ಕರೆಯನ್ನು ಕೇಳುತ್ತಿರುವ ಎಲ್ಲರ ಕಡೆಗೂ ಸಮವಾಗಿ ತಿರುಗಿಸುತ್ತಾರೆ. ಅನಂತರವೇ ಅಂಜೂರದ ಮರದ ಸಾಮತಿಯನ್ನು ಹೇಳುವುದು. ಆ ಭಾನುವಾರದ ಪ್ರಬೋಧನೆಯಲ್ಲಿ ನಡೆದದ್ದೇನೆಂದರೆ, ಪ್ರಭುವು ಐದನೆಯ ವಚನದೊಳಗೆ ಅಳಿಸಿದ ಗೆರೆಯನ್ನು ಆರನೆಯ ವಚನದಿಂದ ನಾವು ಮತ್ತೆ ಎಳೆದೆವು. ಹಣ್ಣಿಲ್ಲ, ಆದ್ದರಿಂದ ದೋಷವಿದೆ.

ಎರಡನೆಯದಾಗಿ, ಕಥೆಯೊಳಗೆ ಯಾರು ಯಾವ ಕ್ರಿಯೆಯ ಕರ್ತೃ ಎಂದು ಕೇಳಬೇಕು. ಲಿಥುವೇನಿಯ ಮೂಲದ ವಿದ್ವಾಂಸ ಗ್ರೇಮಾಸ್ (1917–1992) 1966ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಕಥೆಯ ಪಾತ್ರಗಳನ್ನು ಅವರ ಹೆಸರಿನಿಂದಲ್ಲ, ಕಥೆಯಲ್ಲಿ ಅವರು ನಿರ್ವಹಿಸುವ ಸ್ಥಾನದಿಂದ ಗುರುತಿಸಬೇಕೆಂದು ತೋರಿಸಿಕೊಟ್ಟರು. ಕೆಲಸಕ್ಕೆ ಹೊರಟವನು, ಅವನು ಅರಸುವ ವಸ್ತು, ಕಳುಹಿಸಿದವನು, ಪಡೆಯುವವನು, ಸಹಾಯಕ, ವಿರೋಧಿ ಎಂದು ಆರು ಸ್ಥಾನಗಳು. ಪ್ರಾಥಮಿಕ ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಕಲಿತ ನಮಗೆ ಇದು ಅಷ್ಟೇನೂ ಅಪರಿಚಿತವಲ್ಲ. ಆ ವ್ಯಾಕರಣವನ್ನೇ ಇಲ್ಲಿ ಇಟ್ಟು ನೋಡಿ. ಯಜಮಾನನ ಮಾತಿನಲ್ಲಿ ದೋಷಿ ಮರವೇ. ಅದು ಹಣ್ಣು ಬಿಟ್ಟಿಲ್ಲ, ಅದು ನೆಲವನ್ನು ಹಾಳುಮಾಡುತ್ತಿದೆ. ಕಡಿದುಹಾಕು ಎಂಬ ಆಜ್ಞೆ ತೋಟಗಾರನಿಗೆ. ತೋಟಗಾರನ ಉತ್ತರದಲ್ಲಿ ವಾಕ್ಯದ ಕರ್ತೃವೇ ಬದಲಾಗಿದ್ದಾನೆ. ಸುತ್ತಲೂ ಅಗೆಯುವವನು ನಾನು, ಗೊಬ್ಬರ ಹಾಕುವವನು ನಾನು. ಮರದ ತಪ್ಪನ್ನು ಅವನು ಅಲ್ಲಗಳೆಯುವುದೂ ಇಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಹಣ್ಣಿಲ್ಲದ ಮರದ ಪ್ರಶ್ನೆಯನ್ನು ಗುದ್ದಲಿ ಹಿಡಿಯಬೇಕಾದವನ ಪ್ರಶ್ನೆಯನ್ನಾಗಿ ಮಾಡುತ್ತಾನೆ. ಇನ್ನೊಂದು ಸೂಕ್ಷ್ಮವೂ ಇದೆ. ಮುಂದಿನ ವರ್ಷವೂ ಹಣ್ಣು ಬಿಡದಿದ್ದರೆ ನಾನು ಕಡಿಯುತ್ತೇನೆ ಎಂದು ಅವನು ಹೇಳುವುದಿಲ್ಲ. ಗ್ರೀಕ್ ಮೂಲದಲ್ಲಿ ಆ ಕ್ರಿಯಾಪದ ಮಧ್ಯಮ ಪುರುಷದಲ್ಲಿದೆ: ನೀನು ಕಡಿಯುವೆ. ತನಗೆ ಬಂದ ಆಜ್ಞೆಯನ್ನು ವಿನಯದಿಂದಲೇ ಹಿಂದಿರುಗಿಸುತ್ತಾನೆ. ಕಡಿಯುವುದು ಅವನ ಕೈಯ ಕೆಲಸವಲ್ಲ.

ಹೊಂದಿಸಿ ಬರೆಯುವ ಓದಿನಲ್ಲಿ ಇದಾವುದೂ ಕಾಣುವುದಿಲ್ಲ. ಕಾಣದಿರುವುದಷ್ಟೇ ಅಲ್ಲ, ಅದು ವಿಶ್ವಾಸಕ್ಕೇ ಕುತ್ತು ತರುತ್ತದೆ. ಯಜಮಾನನು ಪಿತದೇವರು, ತೋಟಗಾರನು ಯೇಸುಸ್ವಾಮಿ ಎಂದು ಗೆರೆ ಎಳೆದರೆ, ಕಡಿಯಬೇಕೆನ್ನುವ ಪಿತನೂ ಬೇಡವೆಂದು ಅಂಗಲಾಚುವ ಸುತನೂ ಎದುರುಬದುರು ನಿಲ್ಲುತ್ತಾರೆ. ಪಿತ ಸುತರ ಸತ್ವ ಒಂದೇ ಎಂದು ವಿಶ್ವಾಸ ಪ್ರಮಾಣದಲ್ಲಿ ಸಾರುವ ನಾವು ಇದನ್ನು ಹೇಗೆ ಒಪ್ಪಿದೆವು? ಕ್ಷಮಿಸದ ಸೇವಕನ ಸಾಮತಿಯಲ್ಲಿ ರಾಜನೇ ದೇವರೆಂದಾದರೆ, ಸಾಲಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿಸಲು ಆಜ್ಞಾಪಿಸಿದವನೂ ದೇವರೇ ಆಗಬೇಕಾಗುತ್ತದೆ. ವಿಧವೆಯನ್ನು ಸತಾಯಿಸಿದ ಅನ್ಯಾಯದ ನ್ಯಾಯಾಧೀಶನ ಬಳಿಗೆ ಬಂದಾಗಲಂತೂ ಗೆರೆ ಎಳೆಯುವವರ ಕೈ ತಡವರಿಸುತ್ತದೆ. ಇನ್ನೂ ಒಂದು ಮಾತು. ಕಳೆದುಹೋದ ಕುರಿಯನ್ನು ಹುಡುಕುವ ಕುರುಬನು ದೇವರು, ಮಗನನ್ನು ತಬ್ಬಿಕೊಳ್ಳುವ ತಂದೆ ದೇವರು. ಎರಡರ ನಡುವೆ ದೀಪ ಹಚ್ಚಿ ಮನೆ ಗುಡಿಸಿ ನಾಣ್ಯ ಹುಡುಕುವ ಹೆಂಗಸು ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಪಿತದೇವರ ಎದುರಿಗೆ ಬಂದದ್ದನ್ನು ನಾನು ಕಂಡಿಲ್ಲ.

ಸಮಾರಿಯದವನ ಸಾಮತಿಯಲ್ಲಿ ಕನ್ನಡದ ವಿಭಕ್ತಿಗಳೇ ನಮಗೆ ಗುರುಗಳು. ಧರ್ಮಶಾಸ್ತ್ರಿಯು ಉಲ್ಲೇಖಿಸಿದ ಆಜ್ಞೆಯಲ್ಲಿ ನೆರೆಯವನು ದ್ವಿತೀಯಾ ವಿಭಕ್ತಿಯಲ್ಲಿದ್ದಾನೆ. ನಾನು ಪ್ರೀತಿಸಬೇಕಾದುದು ನೆರೆಯವನನ್ನು. ಹಾಗಾದರೆ ನನ್ನ ನೆರೆಯವನು ಯಾರು ಎಂದು ಆತ ಕೇಳುವುದು, ಆ ಕರ್ಮಸ್ಥಾನಕ್ಕೆ ಬೇಲಿ ಎಲ್ಲಿ ಹಾಕಬೇಕೆಂದು ತಿಳಿಯುವುದಕ್ಕೆ. ಕಥೆ ಮುಗಿದಾಗ ಯೇಸುಸ್ವಾಮಿಯ ಪ್ರಶ್ನೆಯಲ್ಲಿ ನೆರೆಯವನು ಪ್ರಥಮಾ ವಿಭಕ್ತಿಗೆ ಬಂದಿದ್ದಾನೆ: ಆ ಮೂವರಲ್ಲಿ ಯಾರು ನೆರೆಯವನಾದನು? ಕರ್ಮವಾಗಿದ್ದವನು ಕರ್ತೃವಾದ. ಧರ್ಮಶಾಸ್ತ್ರಿಗೆ 'ಸಮಾರಿಯದವನು' ಎಂಬ ಪದ ಬಾಯಿಗೆ ಬರುವುದಿಲ್ಲ, ದಯೆ ತೋರಿದವನು ಎಂದು ಸುತ್ತುಬಳಸಿ ಉತ್ತರಿಸುತ್ತಾನೆ.

ಆ ಪದ ಅವನ ಗಂಟಲಿನಲ್ಲಿ ಸಿಕ್ಕಿಕೊಳ್ಳಲು ಕಾರಣವಿತ್ತು. ಒಂದೇ ಅಧ್ಯಾಯ ಹಿಂದಕ್ಕೆ ಹೋಗಿ ನೋಡಿ: ಸಮಾರಿಯದ ಹಳ್ಳಿಯೊಂದು ಯೇಸುಸ್ವಾಮಿಯನ್ನು ಬರಮಾಡಿಕೊಳ್ಳಲಿಲ್ಲ, ಯಕೋಬ ಯೊವಾನ್ನರು ಆಕಾಶದಿಂದ ಬೆಂಕಿ ಬೀಳಿಸಲೇ ಎಂದು ಕೇಳಿದ್ದರು. ಯಾಜಕ, ಲೇವಿಯ ಎಂದ ಮೇಲೆ ಮೂರನೆಯವನು ಸಾಮಾನ್ಯ ಇಸ್ರಯೇಲನಾಗಿರಬೇಕೆಂದು ಕೇಳುಗರು ಕಾಯುತ್ತಿರುವಾಗ ಬಂದವನು ಶತ್ರು. ಈ ವ್ಯತ್ಯಾಸವೇ ಸಂಕೇತದ ಪ್ರಾಣ. ಇಂದು ಆ ಪ್ರಾಣ ಹೋಗಿದೆ. 'ಸಮಾರಿಟನ್' ಎಂದರೆ ಒಳ್ಳೆಯವನು ಎಂದೇ ಅರ್ಥವಾಗಿದೆ. ಅಪಘಾತದ ಗಾಯಾಳುಗಳಿಗೆ ನೆರವಾಗುವವರನ್ನು ರಕ್ಷಿಸುವ ಕರ್ನಾಟಕದ 2016ರ ಕಾಯ್ದೆಗೂ, 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯ ಹೊಸ ಕಲಮಿಗೂ ಆ ಹೆಸರೇ ಅಂಟಿದೆ. ಕಾಯ್ದೆ ಒಳ್ಳೆಯದೇ, ಬೇಡವೆನ್ನುತ್ತಿಲ್ಲ. ಆದರೆ ಪ್ರಬೋಧನೆಯಲ್ಲಿಯೂ ನಾವು ಅದೇ ಸವೆದ ನಾಣ್ಯವನ್ನು ಚಲಾಯಿಸುತ್ತಿದ್ದೇವೆ. ನಿಮ್ಮ ಧರ್ಮಕೇಂದ್ರದಲ್ಲಿ ಆ ಮೂರನೆಯವನ ಸ್ಥಾನದಲ್ಲಿ ಯಾವ ಜಾತಿಯ, ಯಾವ ಕೇರಿಯ, ಯಾವ ಮತದ ಹೆಸರನ್ನು ಇಟ್ಟರೆ ಬೆಂಚುಗಳು ಕಿರುಗುಟ್ಟುತ್ತವೆ? ಆ ಹೆಸರನ್ನು ಇಟ್ಟು ಒಮ್ಮೆ ಓದಿ. ಹೊಂದಿಸಿ ಬರೆಯುವ ಓದು ಇಷ್ಟು ಜನಪ್ರಿಯವಾಗಿರುವುದಕ್ಕೆ, ಅದರಲ್ಲಿ ಹೀಗೆ ಯಾವ ಬೆಂಚೂ ಸದ್ದು ಮಾಡುವುದಿಲ್ಲ ಎಂಬುದೂ ಒಂದು ಕಾರಣವೆಂದು ನನಗೆ ಸಂಶಯ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ಬಿತ್ತುವವನ ಸಾಮತಿಯನ್ನು ಯೇಸುಸ್ವಾಮಿಯೇ ಹೊಂದಿಸಿ ವಿವರಿಸಲಿಲ್ಲವೇ? ವಿವರಿಸಿದರು. ಆ ವಿವರಣೆಯನ್ನು ಸಂತ ಮಾರ್ಕನ ನಾಲ್ಕನೆಯ ಅಧ್ಯಾಯದಲ್ಲಿ ನಿಧಾನವಾಗಿ ಓದಿರಿ. ಮೊದಲು ಬಿತ್ತಲ್ಪಡುವುದು ದೇವರ ವಾಕ್ಯ. ಎರಡು ವಚನ ಮುಂದೆ ಹೋದರೆ ಬಂಡೆಯ ನೆಲದಲ್ಲಿ ಬಿತ್ತಲ್ಪಟ್ಟವರು ಮನುಷ್ಯರು. ಬೀಜವು ವಾಕ್ಯವೋ, ವಾಕ್ಯವನ್ನು ಕೇಳಿದವರೋ? ಪ್ರಭುವಿನ ವಿವರಣೆಯಲ್ಲಿಯೇ ಸಂಕೇತವು ಒಂದೆಡೆ ನಿಲ್ಲದೆ ವಾಕ್ಯದಿಂದ ಕೇಳುಗನೊಳಕ್ಕೆ ನಡೆದುಹೋಗುತ್ತದೆ. ಬಿತ್ತುವವನು ಯಾರೆಂದು ಅಲ್ಲಿ ಅವರು ಹೇಳುವುದೇ ಇಲ್ಲ. ಮೂವತ್ತು, ಅರುವತ್ತು, ನೂರು ಎಂಬ ಫಸಲಿನ ಲೆಕ್ಕಕ್ಕೆ ಒಂದೊಂದು ಉತ್ತರವನ್ನೂ ಕೊಡುವುದಿಲ್ಲ.

ಸಂತ ಅಗಸ್ಟೀನರನ್ನು ನನ್ನ ವಿರುದ್ಧ ಸಾಕ್ಷಿಗೆ ಕರೆಯುವವರೂ ಇದ್ದಾರೆ. ಗಾಯಾಳುವು ಆದಾಮನು, ಸಮಾರಿಯದವನು ಕ್ರಿಸ್ತರು, ಛತ್ರವು ಧರ್ಮಸಭೆ, ಛತ್ರದವನು ಪೌಲನು ಎಂದು ಸಾಲಾಗಿ ಹೊಂದಿಸಿದವರು ಅವರೇ. ನಿಜ. ಆದರೆ ದೇವರ ಪ್ರೀತಿಯನ್ನೂ ನೆರೆಯವರ ಪ್ರೀತಿಯನ್ನೂ ಕಟ್ಟದ ವ್ಯಾಖ್ಯಾನ ಮಾಡಿದವನು ಪವಿತ್ರ ಗ್ರಂಥವನ್ನು ಇನ್ನೂ ಅರಿತೇ ಇಲ್ಲ ಎಂಬ ಅಳತೆಗೋಲನ್ನು ಇಟ್ಟವರೂ ಅವರೇ. ಅವರ ಪಟ್ಟಿಯನ್ನು ನಕಲು ಮಾಡಿ ಅಳತೆಗೋಲನ್ನು ಬಿಟ್ಟುಬಿಟ್ಟ ನಾವು ಅವರ ಶಿಷ್ಯರೇ? 1888ರಲ್ಲಿ ಜರ್ಮನಿಯ ಅಡಾಲ್ಫ್ ಯೂಲಿಖರ್ ಈ ಪಟ್ಟಿಗಳನ್ನು ಖಂಡಿಸಿ, ಸಾಮತಿಗೆ ಒಂದೇ ಒಂದು ತಿರುಳು ಎಂದು ವಾದಿಸಿದರು. ಆ ದಾರಿ ಹಿಡಿದವರು 'ಹೊಂದಿಸಿ ಬರೆಯಿರಿ'ಯಿಂದ 'ಒಂದು ವಾಕ್ಯದಲ್ಲಿ ಉತ್ತರಿಸಿ'ಗೆ ಬಂದರು, ಅಷ್ಟೇ.

ಹಾಗೆಂದು ಸಂಕೇತಶಾಸ್ತ್ರದ ಪಂಡಿತರಿಗೆ ನಾನು ಆರತಿ ಎತ್ತುತ್ತಿಲ್ಲ. ಚೌಕ ಬರೆದು, ಬಾಣದ ಗುರುತು ಹಾಕಿ, ಬಡಪಾಯಿ ಕಥೆಯನ್ನು ಯಂತ್ರದ ನಕ್ಷೆಯಂತೆ ಮಾಡಿಟ್ಟ ಪುಸ್ತಕಗಳೂ ಇವೆ. ಪಠ್ಯದ ಹೊರಗೆ ಏನೂ ಇಲ್ಲವೆಂದು ಸಾಧಿಸಹೊರಟವರೂ ಇದ್ದಾರೆ. ಪಿಲಾತನ ಕತ್ತಿಗೆ ಸಿಕ್ಕವರು ಪಠ್ಯದೊಳಗೆ ಮಾತ್ರ ಸತ್ತವರಲ್ಲ. ವ್ಯಾಟಿಕನ್ನಿನ ಬೈಬಲ್ ಆಯೋಗವು 1993ರಲ್ಲಿ ಧರ್ಮಸಭೆಯಲ್ಲಿ ಬೈಬಲಿನ ವ್ಯಾಖ್ಯಾನವನ್ನು ಕುರಿತು ಹೊರಡಿಸಿದ ದಸ್ತಾವೇಜಿನಲ್ಲಿ ಇದನ್ನೇ ತೂಗಿ ಹೇಳಿದೆ. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಕಾರ್ಡಿನಲ್ ರಾಟ್ಜಿಂಗರ್, ಅನಂತರದ ವಿಶ್ವಗುರು 16ನೇ ಬೆನೆಡಿಕ್ಟ್. ಪಠ್ಯದ ಹೊರಗಣ ವಾಸ್ತವವನ್ನೂ ವ್ಯಕ್ತಿಯನ್ನೂ ನಿರಾಕರಿಸುವ ತತ್ತ್ವವನ್ನು ಬದಿಗಿಟ್ಟು, ಸಂಕೇತ ವಿಶ್ಲೇಷಣೆಯ ವಿಧಾನವನ್ನು ಬೈಬಲ್ ಅಧ್ಯಯನದಲ್ಲಿ ಬಳಸಬಹುದೆಂಬುದು ಅದರ ನಿಲುವು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಕಥೋಲಿಕ ವಿದ್ವಾಂಸರು 1975ರಲ್ಲಿಯೇ ಇದಕ್ಕಾಗಿ ಒಂದು ಪತ್ರಿಕೆಯನ್ನು ಆರಂಭಿಸಿದ್ದರು. ನಾವು ಮಾತ್ರ ಇನ್ನೂ ಇದು ನಾಸ್ತಿಕರ ಆಟವೆಂದು ಹೆದರುತ್ತಿದ್ದೇವೆ. ಸಾಮಾನ್ಯರಿಗೆ ಅರ್ಥವಾಗದು ಎಂಬ ಮಾತಿಗಂತೂ ಉತ್ತರ ಕೊಡಲೂ ಮನಸ್ಸಿಲ್ಲ. ಗಾದೆಯನ್ನು ಎಲ್ಲಿ ಎಸೆದರೆ ಎಲ್ಲಿ ನಾಟುತ್ತದೆಂದು ಬಲ್ಲ ನಮ್ಮ ಅಜ್ಜಿಯರಿಗೆ ಪಾಠ ಹೇಳುವ ಯೋಗ್ಯತೆ ಯಾವ ಪಂಡಿತನಿಗಿದೆ?

ಅಂಜೂರದ ಮರದ ಸಾಮತಿ ಒಂಬತ್ತನೆಯ ವಚನಕ್ಕೆ ನಿಲ್ಲುತ್ತದೆ. ಯಜಮಾನನು ಒಪ್ಪಿದನೋ ಇಲ್ಲವೋ ಸಂತ ಲೂಕನು ಬರೆಯುವುದಿಲ್ಲ. ಆದರೆ ಹತ್ತನೆಯ ವಚನದಲ್ಲಿ ಸಬ್ಬತ್ ದಿನದಂದು ಬೆನ್ನು ಬಾಗಿದ ಹೆಂಗಸೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಅವಳು ಹಾಗೆ ನರಳಿದ್ದು ಹದಿನೆಂಟು ವರ್ಷ. ಗೋಪುರದಡಿ ಸತ್ತವರೂ ಹದಿನೆಂಟು ಮಂದಿ. ಈ ಸಂಖ್ಯೆಯ ಮೇಲೆ ನಾನು ಗೋಪುರ ಕಟ್ಟುವುದಿಲ್ಲ, ಕಣ್ಣಿಗೆ ಬಿದ್ದದ್ದನ್ನು ಹೇಳಿದೆ. ಪ್ರಭುವು ಅವಳ ಪಾಪವನ್ನು ವಿಚಾರಿಸುವುದಿಲ್ಲ, ಫಲವನ್ನು ಕೇಳುವುದಿಲ್ಲ. ತಾವೇ ಹತ್ತಿರ ಕರೆದು, ಕೈಯಿಟ್ಟು ನೆಟ್ಟಗೆ ನಿಲ್ಲಿಸಿ, ಅಬ್ರಹಾಮನ ಮಗಳು ಎಂದು ಎಲ್ಲರೆದುರು ಕರೆಯುತ್ತಾರೆ.

ಭಾನುವಾರದ ವಾಚನದಲ್ಲಿ ಈ ಭಾಗ ಸೇರಿಲ್ಲ. 2028ರ ಮಾರ್ಚ್ 19ರಂದು, ತಪಸ್ಸುಕಾಲದ ಮೂರನೆಯ ಭಾನುವಾರ, ಅಂಜೂರದ ಮರ ನಮ್ಮ ದೇವಾಲಯಗಳಿಗೆ ಮರಳಿ ಬರಲಿದೆ. ಪೂಜ್ಯ ಗುರುಗಳಲ್ಲಿ ನನ್ನ ವಿನಂತಿ ಒಂದೇ: ಅಂದಿನ ಪ್ರಬೋಧನೆಯನ್ನು ಸಿದ್ಧಪಡಿಸುವಾಗ ದಯವಿಟ್ಟು ಹದಿನೇಳನೆಯ ವಚನದವರೆಗೆ ಓದಿಕೊಳ್ಳಿ. ಪ್ರಶ್ನೆಪತ್ರಿಕೆಯ ಪಾಡನ್ನು ನನಗೆ ಬಿಡಿ. ಈ ವರ್ಷದ್ದರಲ್ಲಿ 'ಹೊಂದಿಸಿ ಬರೆಯಿರಿ'ಯನ್ನು ತೆಗೆದುಹಾಕಿ, ತೋಟಗಾರನಿಗೆ ಯಜಮಾನನು ಏನೆಂದು ಉತ್ತರಿಸಿರಬಹುದು ಎಂದು ಕೇಳಿದ್ದೇನೆ. ಅದಕ್ಕೆ ಅಂಕ ಕೊಡುವುದು ಹೇಗೆಂದು ಉಳಿದ ಉಪದೇಶಿಗಳು ನನ್ನನ್ನು ಕೇಳುತ್ತಿದ್ದಾರೆ.